ರೋವರ್ ಮಾದರಿಯ ಸೌರಫಲಕಕ್ಕೆ ಬ್ರಷ್ ಒಂದೇ ಏಕೆ ಸಾಲದು

ಚಂದ್ರನಲ್ಲಿ ಗಾಳಿಯೇ ಇಲ್ಲದಿರುವಾಗ ಧೂಳಿನ ಚಿಂತೆ ಏಕೆ, ತಯಾರಿಸುತ್ತಿರುವ ರೋವರ್ (ಚಂದ್ರನ ನೆಲದ ಮೇಲೆ ಓಡಾಡುವ ವಾಹನ) ಮಾದರಿಯ ಸೌರಫಲಕಕ್ಕೆ ಪುಟ್ಟ ಬ್ರಷ್ ಜೋಡಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಗಾಳಿ ಮತ್ತು ತೇವ ಇಲ್ಲದಿರುವುದರಿಂದಲೇ ಅಲ್ಲಿ ಧೂಳಿನ ಕಾಟ ಹೆಚ್ಚು.

ಭೂಮಿಯಲ್ಲಿ ವಸ್ತುಗಳ ಮೇಲೆ ಕೂತ ತೆಳುವಾದ ತೇವದ ಪದರ ಸ್ಥಿರವಿದ್ಯುತ್ತನ್ನು ಬೇಗನೆ ಸೋರಿಸಿಬಿಡುತ್ತದೆ. ಚಂದ್ರನ ಒಣಮಣ್ಣಿನಲ್ಲಿ ಆ ದಾರಿ ಇಲ್ಲ. ಹಗಲಿನಲ್ಲಿ ಸೂರ್ಯನ ನೇರಳಾತೀತ ಕಿರಣಗಳು ಕಣಗಳಿಂದ ಎಲೆಕ್ಟ್ರಾನುಗಳನ್ನು ಹೊರಗಟ್ಟುವುದರಿಂದ ಮೇಲ್ಮೈ ಧನ ವಿದ್ಯುದಾವೇಶ ಪಡೆಯುತ್ತದೆ. ರಾತ್ರಿಯ ಭಾಗದಲ್ಲಿ ಸುತ್ತಲಿನ ಪ್ಲಾಸ್ಮಾದ (ಆವೇಶ ಹೊತ್ತ ಕಣಗಳ ತೆಳು ಅನಿಲದ) ಎಲೆಕ್ಟ್ರಾನುಗಳು ಬಂದು ಸೇರಿ ಅದು ಋಣಾವೇಶಕ್ಕೆ ತಿರುಗುತ್ತದೆ. ಇದರ ಜೊತೆಗೆ ಚಕ್ರ, ಬೂಟು, ಬ್ರಷ್ ಏನೇ ಉಜ್ಜಿದರೂ ಹೊಸ ಆವೇಶ ಹುಟ್ಟುತ್ತದೆ. ಧೂಳು ಒರೆಸಲೆಂದು ಇಟ್ಟ ಬ್ರಷ್ಷೇ ಕಣಗಳನ್ನು ಇನ್ನಷ್ಟು ಅಂಟಿಸಬಹುದು ಎಂಬುದನ್ನು ವಿನ್ಯಾಸದ ಮೊದಲ ಹಂತದಲ್ಲಿಯೇ ಗಮನದಲ್ಲಿಟ್ಟುಕೊಳ್ಳಿ.

ಹಾಗೆಂದು ಎಲ್ಲವನ್ನೂ ಆವೇಶದ ತಲೆಗೆ ಕಟ್ಟುವುದು ಸರಿಯಲ್ಲ. ಉಲ್ಕಾಕಣಗಳ ಹೊಡೆತಕ್ಕೆ ಒಡೆದು ಕರಗಿ ಗಾಜಾದ ಚೂರುಗಳನ್ನು ಸವೆಸಿ ನುಣುಪಾಗಿಸಲು ಅಲ್ಲಿ ನೀರೂ ಇಲ್ಲ, ಗಾಳಿಯೂ ಇಲ್ಲ. ಅವುಗಳ ಮೊನಚು ಅಂಚುಗಳು ಬಟ್ಟೆಯ ಎಳೆಗಳಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತವೆ. 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರ ರೋವರಿನ ಚಕ್ರದ ಮಡ್‌ಗಾರ್ಡ್ ಮುರಿದಾಗ ಗಗನಯಾತ್ರಿಗಳಾದ ಸೆರ್ನನ್ ಮತ್ತು ಶ್ಮಿಟ್ ಅವರ ಮೇಲೆ ಧೂಳು ಸುರಿಯಿತು. ಅವರು ನಕ್ಷೆಯ ಹಾಳೆಗಳನ್ನು ಟೇಪಿನಿಂದ ಜೋಡಿಸಿ ಬದಲಿ ಮಡ್‌ಗಾರ್ಡ್ ಮಾಡಿಕೊಂಡರು. ಪೋಷಾಕನ್ನು ಬ್ರಷ್ಷಿನಿಂದ ತಿಕ್ಕಿದರೂ ನುಣ್ಣನೆಯ ಧೂಳು ಪೂರ್ತಿ ಹೋಗಲಿಲ್ಲ, ನೌಕೆಯೊಳಗೂ ಬಂದು ಶ್ಮಿಟ್ ಅವರಿಗೆ ಮೂಗು ಕಟ್ಟಿಸಿತು.

ಬ್ರಷ್ಷಿಗಿಂತ ಒಳ್ಳೆಯ ದಾರಿಯೆಂದರೆ ಕಣದ ಆವೇಶವನ್ನೇ ಬಳಸಿಕೊಳ್ಳುವುದು. ನಾಸಾದ ವಿದ್ಯುತ್ ಧೂಳುರಕ್ಷಕದಲ್ಲಿ ಮೇಲ್ಮೈಯ ಕೆಳಗೆ ತೆಳ್ಳನೆಯ ಎಲೆಕ್ಟ್ರೋಡುಗಳಿದ್ದು, ಅವುಗಳಲ್ಲಿ ಬದಲಾಗುತ್ತಾ ಹೋಗುವ ಅಧಿಕ ವೋಲ್ಟೇಜು ಕಣಗಳನ್ನು ಎತ್ತಿ ಅಂಚಿನತ್ತ ತಳ್ಳುತ್ತದೆ. 2025ರ ಮಾರ್ಚ್ 2ರಂದು ಚಂದ್ರನಲ್ಲಿ ಇಳಿದ ಬ್ಲೂ ಘೋಸ್ಟ್ ನೌಕೆಯಲ್ಲಿ ಇದು ಗಾಜು ಮತ್ತು ಶಾಖ ಹೊರಹಾಕುವ ಫಲಕಗಳ ಮೇಲಿನ ಧೂಳನ್ನು ಯಶಸ್ವಿಯಾಗಿ ಸರಿಸಿತು. ಆದರೆ ಇದಕ್ಕೆ ಬೇಕಾಗುವ ವೋಲ್ಟೇಜು ಅಪಾಯಕಾರಿ; ಅದನ್ನು ಮನೆಯಲ್ಲಿ ಕಟ್ಟಲು ದಯವಿಟ್ಟು ಹೋಗಬೇಡಿ, ಚಿತ್ರಫಲಕದಲ್ಲಿ ವಿವರಿಸಿದರೆ ಸಾಕು.

ನಿಮ್ಮ ಮಾದರಿಗೆ ನನ್ನ ಸಲಹೆ ಇಷ್ಟು: ಫಲಕವನ್ನು ಓರೆಯಾಗಿ ನಿಲ್ಲಿಸಿ, ಹಿಂಬದಿಗೆ ಮೊಬೈಲಿನ ಪುಟ್ಟ ವೈಬ್ರೇಟರ್ ಮೋಟಾರ್ ಅಂಟಿಸಿ. ಅಕ್ರಿಲಿಕ್ ಹೊದಿಕೆಯನ್ನು ಒಣ ಉಣ್ಣೆಬಟ್ಟೆಯಿಂದ ಉಜ್ಜಿ, ಜರಡಿ ಹಿಡಿದ ಕಲ್ಲಿನ ಪುಡಿಯನ್ನು ಹತ್ತಿರ ತಂದರೆ ಕಣಗಳು ಚಂಗನೆ ಹಾರಿ ಅಂಟುವುದು ಕಾಣುತ್ತದೆ. ಈ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ದೀಪದ ದೂರವನ್ನು ಬದಲಿಸದೆ, ಧೂಳು ಬೀಳುವ ಮೊದಲು, ಬಿದ್ದ ಮೇಲೆ, ಬ್ರಷ್ ಎಳೆದ ಮೇಲೆ, ಬೇರೊಂದು ಸುತ್ತಿನಲ್ಲಿ ಮೋಟಾರ್ ಓಡಿಸಿದ ಮೇಲೆ ಫಲಕದ ಶಾರ್ಟ್ ಸರ್ಕ್ಯೂಟ್ ಕರೆಂಟನ್ನು (ಫಲಕದ ಎರಡೂ ತಂತಿಗಳನ್ನು ನೇರವಾಗಿ ಮೀಟರಿಗೆ ಜೋಡಿಸಿದಾಗ ಹರಿಯುವ ಕರೆಂಟನ್ನು) ಮಲ್ಟಿಮೀಟರಿನಲ್ಲಿ ಅಳೆದು ಬರೆದಿಡಿ. ಮಳೆಗಾಲದ ತೇವದಲ್ಲಿ ಆವೇಶ ಉಳಿಯುವುದಿಲ್ಲವಾದ್ದರಿಂದ, ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಪುಡಿ ಮತ್ತು ಫಲಕಗಳನ್ನು ಮೊದಲು ಚೆನ್ನಾಗಿ ಒಣಗಿಸಿಕೊಳ್ಳಿ.