ಹೊಸ ಬೇರಿಂಗ್ ಎಂಜಿನ್ ಕೇಸಿನೊಳಗೆ ಇಳಿಯುತ್ತಿಲ್ಲ, ಎಮರಿ ಪೇಪರಿನಲ್ಲಿ ಉಜ್ಜಲಾ, ಸುತ್ತಿಗೆಯಲ್ಲಿ ಬಡಿಯಲಾ?

ಎರಡೂ ಬೇಡ. ನಾನು ಉಜ್ಜಲಿಲ್ಲ, ಬಡಿದೆ. ಅದರ ಕತೆ ಕೇಳಿ.

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಬೆಂಗಳೂರಿನ ಹನುಮಂತನಗರದ ನಮ್ಮ ಮನೆ ಮೆಟ್ಟಿಲ ಕೆಳಗೆ ವರ್ಷಗಟ್ಟಲೆ ಧೂಳು ಹಿಡಿದು ನಿಂತಿತ್ತು. ಅದನ್ನು ಮಾಡುತ್ತಿದ್ದ ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ಆದರೂ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಅಲೆದು ಬೇರಿಂಗ್, ಆಯಿಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಎಲ್ಲಾ ತಂದೆ. ಭಾನುವಾರ ತಾರಸಿ ಮೇಲೆ ಗೋಣಿಚೀಲ ಹಾಸಿ ಕೂತೆ. ಬೇರಿಂಗ್ ಕೇಸಿನ ಬಾಯಲ್ಲಿ ಕೂತಿತು, ಕೂದಲೆಳೆಯಷ್ಟೂ ಇಳಿಯಲಿಲ್ಲ. ಕೈಗೆ ಸಿಕ್ಕ, ನಟ್ ಬಿಚ್ಚುವ ಸಾಕೆಟ್ ಒಂದನ್ನು ಅದರ ಮೇಲಿಟ್ಟು ಸುತ್ತಿಗೆ ಬೀಸಿದೆ. "ಮನೆ ಒಡೀತಿದ್ದೀಯೇನೋ?" ಅಂತ ಅಮ್ಮ ಕೆಳಗಿನಿಂದ ಕೂಗುವಷ್ಟರಲ್ಲಿ ಇಳಿದೇಬಿಟ್ಟಿತು.

ನನ್ನ ತಪ್ಪು ಸುತ್ತಿಗೆ ಹಿಡಿದದ್ದಕ್ಕಿಂತ ಜಾಸ್ತಿ, ಆ ಸಾಕೆಟ್‌ನದು. ಬೇರಿಂಗ್ ಅಂದರೆ ಒಂದರೊಳಗೊಂದು ಕೂತ ಎರಡು ಉಕ್ಕಿನ ಬಳೆ. ಸಾಕೆಟ್ ಚಿಕ್ಕದು, ಒಳಬಳೆ ಮೇಲೆ ಕೂತಿತ್ತು. ಕೇಸಿಗೆ ಬಿಗಿಯಾಗಿ ಕೂರಬೇಕಾದದ್ದು ಹೊರಬಳೆ. ನಾನು ಹೊಡೆದದ್ದು ಒಳಬಳೆಗೆ. ಮಧ್ಯೆ ಇರುವುದು ಗುಂಡುಗಳು ಮಾತ್ರ ಅಲ್ವಾ? ಪ್ರತಿ ಏಟೂ ಆ ಗುಂಡುಗಳ ಮೂಲಕವೇ ದಾಟಿತು. ಹಪ್ಪಳದ ಹಿಟ್ಟಿಗೆ ಗೋಲಿ ಒತ್ತಿದ ಹಾಗೆ, ಗುಂಡು ಓಡುವ ದಾರಿಯಲ್ಲಿ ಗುಳಿ ಬಿತ್ತು. ಕಣ್ಣಿಗೆ ಕಾಣಲಿಲ್ಲ. ಎಂಜಿನ್ ಜೋಡಿಸಿ ಕನಕಪುರ ರಸ್ತೆಯಲ್ಲಿ ಎರಡು ವಾರ ಓಡಿಸಿದ ಮೇಲೆ ಗೊರಗೊರ ಸದ್ದು ಶುರುವಾಯಿತು. ಚೈನ್ ಅಂದುಕೊಂಡೆ, ಕ್ಲಚ್ ಅಂದುಕೊಂಡೆ. ಕೊನೆಗೆ ಪೂರ್ತಿ ಎಂಜಿನ್ ಮತ್ತೆ ಬಿಚ್ಚಿದೆ. ಬೇರಿಂಗನ್ನು ಬೆರಳಲ್ಲಿ ತಿರುಗಿಸಿದರೆ ಹಲ್ಲಿಗೆ ಸಿಕ್ಕಿದಂತೆ ಟಿಕ್ ಟಿಕ್ ಅನ್ನುತ್ತಿತ್ತು. ಹೊರಬಳೆ ಓರೆಯಾಗಿ ಇಳಿದು ಅಲ್ಯೂಮಿನಿಯಂ ಕೇಸನ್ನೂ ಒಂದು ಕಡೆ ಕೆರೆದಿತ್ತು.

ನೆನಪಿಡಿ, ಕೇಸಿಗೆ ಕೂರಿಸುವಾಗ ಹೊರಬಳೆಯನ್ನು ಒತ್ತಿ, ಶಾಫ್ಟಿಗೆ ಕೂರಿಸುವಾಗ ಒಳಬಳೆಯನ್ನು.

ಅಂದಹಾಗೆ, ನಿಮ್ಮ ಬೇರಿಂಗ್ ದಪ್ಪ ಆಗಿಲ್ಲ. ಅದು ಬಿಗಿಯಾಗಿಯೇ ಇರಬೇಕು. ಉಜ್ಜಿದರೆ ಹೊರಬಳೆ ಕೇಸಿನೊಳಗೆ ತಿರುಗಲು ಶುರುಮಾಡಿ ಕೇಸನ್ನೇ ತಿನ್ನುತ್ತೆ. ಈಗಾಗಲೇ ಉಜ್ಜಿದ್ದರೆ ಅದನ್ನು ಎಸೆದು ಬೇರೆ ತನ್ನಿ.

ಎರಡನೇ ಸಲ ನಾನು ಬೇರಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿ ಫ್ರೀಜರ್‌ನಲ್ಲಿಟ್ಟೆ. ಆಯಿಲ್ ಸೀಲ್ ಕಿತ್ತು, ಕೇಸಿನಲ್ಲಿದ್ದ ಎಣ್ಣೆ, ಪೆಟ್ರೋಲ್ ಎಲ್ಲಾ ಸೋಪುನೀರಲ್ಲಿ ತೊಳೆದು ಒಣಗಿಸಿದೆ (ಇದನ್ನು ಮರೆತರೆ ಅಡುಗೆಮನೆಯೇ ಹೊತ್ತಿಕೊಳ್ಳುತ್ತೆ). ಆಮೇಲೆ ಓವನ್‌ನಲ್ಲಿ 110 ಡಿಗ್ರಿಗೆ ಕಾಯಿಸಿದೆ. ಅಷ್ಟಕ್ಕೆ 60 ಮಿ.ಮೀ. ತೂತು ಸುಮಾರು 0.11 ಮಿ.ಮೀ. ಹಿಗ್ಗುತ್ತೆ, ಫ್ರೀಜರ್‌ನಲ್ಲಿ ಬೇರಿಂಗ್ ಸುಮಾರು 0.03 ಮಿ.ಮೀ. ಕುಗ್ಗುತ್ತೆ. ಬೇರಿಂಗ್ ತೂತಿಗಿಂತ ದೊಡ್ಡದಿರುವುದೇ ಇವೆರಡೂ ಸೇರಿದ್ದಕ್ಕಿಂತ ಕಡಿಮೆ. ಗ್ಯಾಸ್ ಬೆಂಕಿ ಮಾತ್ರ ಬೇಡ, ಒಂದೇ ಕಡೆ ಕಾದು ಕೇಸ್ ಸೊಟ್ಟಗಾಗುತ್ತೆ. ಕಾದ ಕೇಸಿನ ಮೇಲೆ ನೀರು ಚಿಮುಕಿಸಿದರೆ ದೋಸೆಕಾವಲಿ ಹಾಗೆ ಚುರ್ ಅನ್ನಬೇಕು. ದಪ್ಪ ಗ್ಲೌಸ್ ಹಾಕಿ, ಬೇರಿಂಗನ್ನು ನೆಟ್ಟಗೆ ಹಿಡಿದು ಬಿಟ್ಟೆ. ಟಕ್ ಅಂತ ತಳ ಮುಟ್ಟಿತು. ಸುತ್ತಿಗೆ ಮೂಲೆಯಲ್ಲೇ ಬಿದ್ದಿತ್ತು.