ಬೆಳಗಾವಿಯ ಸವಿತಾ, ಡಲ್ಲಾಸಿನ ನಿಮ್ಮ ಮಗಳು

ಹುಬ್ಬಳ್ಳಿಯಿಂದ ಬಂದ ಪತ್ರದ ಸಾರ: “ನನ್ನ ಮಗಳು ಅಮೆರಿಕದ ಡಲ್ಲಾಸ್ ಹತ್ತಿರ ಇದ್ದಾಳೆ. ಈಗ ನಾಲ್ಕು ತಿಂಗಳ ಬಸುರಿ. ಹೋದ ವರ್ಷ ಒಂದು ಬಸಿರು ನಿಲ್ಲದೆ ಹೋಗಿತ್ತು. ಬಸಿರು ತಾನಾಗಿ ಹೋಗುತ್ತಿದ್ದರೂ ಅಲ್ಲಿಯ ಡಾಕ್ಟರುಗಳು ಕಾನೂನಿಗೆ ಹೆದರಿ ಕೈ ಹಾಕುವುದಿಲ್ಲ ಎಂದು ಓದಿದ ಮೇಲೆ ನನಗೆ ನಿದ್ದೆಯಿಲ್ಲ. ಸಿಟ್ಟು ಬರುತ್ತದೆ, ಯಾರ ಮೇಲೆ ತೀರಿಸಬೇಕೋ ತಿಳಿಯುವುದಿಲ್ಲ. ‘ಜೀವ ತೆಗೆಯೋದು ತಪ್ಪಲ್ಲೇನಕ್ಕಾ, ಕಾನೂನು ಸರಿಯಾಗೇ ಐತಿ’ ಅಂದ ನನ್ನ ತಮ್ಮ. ಉತ್ತರ ಹೊಳೆಯಲಿಲ್ಲ. ಮಗಳನ್ನು ಕರೆಸಿಕೊಂಡುಬಿಡಲೇ? ನಮ್ಮಲ್ಲೂ ಈ ಹಕ್ಕು ಹೋದೀತೇ? ಹೆಸರು ಹಾಕಬೇಡಿ.”

ಅಕ್ಕಾ,

ಹೆಸರು ಬೇಡ ಎಂದಿದ್ದೀರಿ, ಅದಕ್ಕೇ ಹೀಗೆ ಕರೆಯುತ್ತಿದ್ದೇನೆ. ಮಗಳಿಗೆ ತುರ್ತಾಗಿ ತಿಳಿಯಬೇಕಾದ ಮಾತುಗಳನ್ನು ಪತ್ರ ಬಂದ ದಿನವೇ ನಿಮಗೆ ಬರೆದು ಕಳಿಸಿದ್ದೇನೆ. ಸಂಚಿಕೆ ಅಚ್ಚಾಗುವ ತನಕ ತಡೆಯುವ ವಿಷಯ ಅದಲ್ಲ. ಇಲ್ಲಿ ಎಲ್ಲವನ್ನೂ ಬಿಡಿಸಿ ಬರೆಯುತ್ತಿರುವುದು, ನಿಮ್ಮ ಹಾಗೇ ನಡುರಾತ್ರಿ ಫೋನ್ ಹಿಡಿದು ಕೂತ ತಾಯಂದಿರು ಇನ್ನೆಷ್ಟೋ ಮನೆಗಳಲ್ಲಿ ಇದ್ದಾರೆ ಎಂದು.

ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ಕಣ್ಣ ಮುಂದೆ ಬಂದದ್ದು ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯ ಅಲ್ಲ, ಬೆಳಗಾವಿ. ಸವಿತಾ ಹಾಲಪ್ಪನವರ. ನಿಮ್ಮೂರಿನಿಂದ ಬಸ್ಸಿಗೆ ಎರಡು ತಾಸಿನ ಹಾದಿಯ ಊರಲ್ಲಿ ಬೆಳೆದ ಹುಡುಗಿ, ಹಲ್ಲಿನ ಡಾಕ್ಟರು. ಮದುವೆಯಾಗಿ ಐರ್ಲೆಂಡಿನ ಗಾಲ್ವೇ ಊರಿಗೆ ಹೋದವರು. 2012ರ ಅಕ್ಟೋಬರ್ 21, ಭಾನುವಾರ, ಬೆನ್ನುನೋವೆಂದು ಅಲ್ಲಿಯ ಆಸ್ಪತ್ರೆಗೆ ಹೋದರು. 31 ವರ್ಷ, 17 ವಾರದ ಬಸಿರು, ಚೊಚ್ಚಲು, ಬಯಸಿ ಪಡೆದದ್ದು. ಆ ರಾತ್ರಿಯೇ ನೀರೊಡೆಯಿತು. ಬಸಿರು ಉಳಿಯುವುದಿಲ್ಲವೆಂದು ಡಾಕ್ಟರುಗಳಿಗೂ ಗೊತ್ತಿತ್ತು, ಸವಿತಾಗೂ ಗೊತ್ತಾಯಿತು. ಹಾಗಾದರೆ ಇದನ್ನು ಬೇಗ ಮುಗಿಸಿಬಿಡಿ ಎಂದು ಕೇಳಿಕೊಂಡರು. ಮಗುವಿನ ಎದೆಬಡಿತ ಇನ್ನೂ ಕೇಳುತ್ತಿದೆ, ಕಾನೂನು ಬಿಡುವುದಿಲ್ಲ ಎಂದರು. “ಇದು ಕ್ಯಾಥೊಲಿಕ್ ದೇಶ” ಎಂಬ ಮಾತನ್ನೂ ಕೇಳಬೇಕಾಯಿತು. ಆ ಮಾತು ಆಡಿದ್ದು ಹೌದೆಂದು ಸೂಲಗಿತ್ತಿ ನರ್ಸೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು.

ಆಮೇಲೆ ನಡೆದದ್ದು ಒಂದೇ: ದಿನದಿನವೂ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಮಗುವಿನ ಎದೆಬಡಿತ ನಿಂತಿತೋ ಇಲ್ಲವೋ ಎಂದು ನೋಡುವುದು. ಬುಧವಾರ ಬಸಿರು ತಾನಾಗಿ ಇಳಿಯಿತು. ಅಷ್ಟರೊಳಗೆ ನಂಜು ರಕ್ತಕ್ಕೆ ಇಳಿದಾಗಿತ್ತು. 28ರ ಭಾನುವಾರ ಬೆಳಗು ಹರಿಯುವ ಮುನ್ನ ಸವಿತಾ ತೀರಿಹೋದರು. ಹೋದದ್ದು ಒಂದು ಭಾನುವಾರ, ತೀರಿದ್ದು ಮರು ಭಾನುವಾರ.

ಆಸ್ಪತ್ರೆಯ ಆರೈಕೆಯಲ್ಲೂ ಲೋಪಗಳಿದ್ದವು. ನಂಜಿನ ಲಕ್ಷಣಗಳನ್ನು ಹೊತ್ತುಹೊತ್ತಿಗೆ ನೋಡಲಿಲ್ಲ ಎಂದು ತನಿಖೆಗಳು ಹೇಳಿದವು, ಅದನ್ನು ಮುಚ್ಚಿಡಬಾರದು. ಆದರೆ ಡಬ್ಲಿನ್ನಿನ ಹಿರಿಯ ಪ್ರಸೂತಿ ತಜ್ಞ ಡಾ. ಪೀಟರ್ ಬಾಯ್ಲನ್ ವಿಚಾರಣೆಯಲ್ಲಿ ಹೇಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಸೋಮವಾರವೋ ಮಂಗಳವಾರವೋ ಬಸಿರು ತೆಗೆದಿದ್ದರೆ ಆಕೆ ಬಹುಪಾಲು ಬದುಕುತ್ತಿದ್ದರು, ಆದರೆ ಆ ಎರಡು ದಿನ ಆಕೆಯ ಜೀವಕ್ಕೆ ಕಾನೂನು ಕೇಳುವಷ್ಟು ಅಪಾಯ ಇರಲಿಲ್ಲ. ಬುಧವಾರ ಅಪಾಯ ಬಂತು, ಆಗ ಕಾಲ ಮಿಂಚಿತ್ತು.

ಅಕ್ಕಾ, ನಾನು ಹೇಳಬೇಕೆಂದಿರುವುದೆಲ್ಲ ಇದರಲ್ಲೇ ಇದೆ. “ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ” ಎಂದು ಕಾನೂನಿನಲ್ಲಿ ಬರೆದಾಗ ಓದುವವರಿಗೆ ಅದು ಕರುಣೆಯ ಮಾತಿನ ಹಾಗೆ ಕೇಳುತ್ತದೆ. ಹಾಸಿಗೆಯ ಪಕ್ಕ ನಿಂತ ಡಾಕ್ಟರಿಗೆ ಅದರ ಅರ್ಥ, ಅಪಾಯ ಬರಲಿ ನೋಡೋಣ ಎಂದು. ಜ್ವರ ಎಷ್ಟು ಏರಬೇಕು? ರಕ್ತ ಎಷ್ಟು ಹೋಗಬೇಕು? ವಕೀಲರನ್ನು ಕೇಳಿ ಔಷಧ ಕೊಡುವ ಪಾಡು ಬಂದರೆ ನಂಜು ವಕೀಲರಿಗಾಗಿ ತಡೆದು ನಿಲ್ಲುತ್ತದೆಯೇ?

ಐರ್ಲೆಂಡಿಗೆ ಇದು ತಿಳಿಯಲು ಒಂದು ಹೆಣ ಬೇಕಾಯಿತು. ತಾಯಿಗೂ ಹುಟ್ಟದ ಮಗುವಿಗೂ ಬದುಕುವ ಹಕ್ಕು ಸಮ ಎಂದು 1983ರಲ್ಲಿ ಸಂವಿಧಾನದಲ್ಲೇ ಸೇರಿಸಿಕೊಂಡಿದ್ದ ದೇಶ ಅದು. 2018ರ ಮೇ 25ರಂದು ಜನ ಅದನ್ನು ಕಿತ್ತುಹಾಕಲು ಮತ ಹಾಕಿದರು, ಶೇ. 66.4ರಷ್ಟು. ಬೇರೆ ದೇಶಗಳಲ್ಲಿದ್ದವರು ವಿಮಾನ ಹತ್ತಿ ಬಂದು ಮತ ಹಾಕಿದರು. ಬೆಳಗಾವಿಯ ಮನೆಯಲ್ಲಿ ಕೂತು ಸವಿತಾ ಅವರ ಅಪ್ಪ ಅಮ್ಮ ಆ ಜನರಿಗೆ, ನಮ್ಮ ಮಗಳನ್ನು ನೆನೆದು ಮತ ಹಾಕಿ ಎಂದು ಕೇಳಿಕೊಂಡಿದ್ದರು. ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಸವಿತಾ ಅವರ ದೊಡ್ಡ ಚಿತ್ರ ಬರೆದಿದ್ದರು. ಫಲಿತಾಂಶದ ದಿನ ಜನ ಸಾಲುಗಟ್ಟಿ ಬಂದು ಅದರ ಸುತ್ತ ಬಣ್ಣದ ಚೀಟಿಗಳನ್ನು ಅಂಟಿಸಿ ಹೋದರು. ಎಷ್ಟೋ ಚೀಟಿಗಳಲ್ಲಿ ಇದ್ದದ್ದು, ಕ್ಷಮಿಸು ಸವಿತಾ ಎಂಬುದು. ಆ ಫೋಟೋ ನೋಡಿದ ದಿನ ನಾನು ಕಚೇರಿಯಲ್ಲಿ ಕೂತು ಅತ್ತಿದ್ದೆ. ನಮ್ಮ ಊರಿನ ಹುಡುಗಿಯ ಹೆಸರು ಹಿಡಿದು ಯಾವುದೋ ದೇಶದವರು ಕ್ಷಮೆ ಕೇಳುತ್ತಿದ್ದರು.

ಇಷ್ಟೆಲ್ಲ ಆದಮೇಲೆ ಅಮೆರಿಕ ಆ ಹಳೆಯ ಹಾದಿಯನ್ನೇ ಹಿಡಿಯಿತು ಎಂಬುದೇ ನನ್ನ ಸಿಟ್ಟಿಗೆ ಕಾರಣ. 1973ರಿಂದ ರೋ ವರ್ಸಸ್ ವೇಡ್ ತೀರ್ಪು ಅಲ್ಲಿ ಬಸಿರು ತೆಗೆಸುವ ಹಕ್ಕನ್ನು ಕಾಯ್ದಿತ್ತು. 2022ರ ಜೂನ್ 24ರಂದು ಅಲ್ಲಿಯ ಸುಪ್ರೀಂ ಕೋರ್ಟು ಡಾಬ್ಸ್ ತೀರ್ಪಿನಲ್ಲಿ ಅದನ್ನು ರದ್ದು ಮಾಡಿ, ರಾಜ್ಯಗಳು ತಮಗೆ ಬೇಕಾದ ಕಾನೂನು ಮಾಡಿಕೊಳ್ಳಲಿ ಎಂದಿತು. ನಿಮ್ಮ ಮಗಳಿರುವ ಟೆಕ್ಸಾಸ್ ಅದಕ್ಕೂ ಮೊದಲೇ, 2021ರ ಸೆಪ್ಟೆಂಬರಿನಿಂದ, ಆರು ವಾರದ ಆಸುಪಾಸಿನಲ್ಲೇ ತಡೆ ಹಾಕಿತ್ತು. ಆರು ವಾರ ಎಂದರೆ ಮುಟ್ಟು ತಪ್ಪಿ ಹದಿನೈದು ದಿನ. ಎಷ್ಟೋ ಹೆಣ್ಣುಮಕ್ಕಳಿಗೆ ಬಸಿರಾದದ್ದೇ ತಿಳಿದಿರುವುದಿಲ್ಲ. ಈಗಂತೂ ಅಲ್ಲಿ ಬಸಿರು ತೆಗೆದ ಡಾಕ್ಟರಿಗೆ 99 ವರ್ಷದವರೆಗೆ ಅಥವಾ ಜೀವಾವಧಿ ಸೆರೆ, ಕನಿಷ್ಠ 1 ಲಕ್ಷ ಡಾಲರ್ ದಂಡ, ಲೈಸೆನ್ಸೂ ಹೋಗುತ್ತದೆ.

2021ರ ಆ ಸೆಪ್ಟೆಂಬರಿನಲ್ಲೇ ಹ್ಯೂಸ್ಟನ್‌ನಲ್ಲಿ 28 ವರ್ಷದ ತಾಯಿಯೊಬ್ಬಳು 17 ವಾರಕ್ಕೆ ಬಸಿರು ಹೋಗುತ್ತಿದೆಯೆಂದು ಆಸ್ಪತ್ರೆಗೆ ಬಂದಳು. ಎದೆಬಡಿತ ನಿಲ್ಲಲೆಂದು 40 ಗಂಟೆ ಕಾಯಿಸಿದರು. ಕೆಲವೇ ದಿನಗಳಲ್ಲಿ ಆಕೆ ನಂಜಿನಿಂದ ಸತ್ತಳು. ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಇದನ್ನು 2024ರಲ್ಲಿ ಹೊರಗೆ ತಂದಿತು. ಅದೇ 17 ವಾರ, ಅದೇ ಕಾಯುವಿಕೆ. 18 ವಾರಕ್ಕೆ ನೀರೊಡೆದ ಅಮಾಂಡಾ ಝುರಾವ್ಸ್ಕಿ ಎಂಬವರು ನಂಜೇರಿ ಸಾವಿನ ಬಾಗಿಲಿಗೆ ಹೋಗಿ ಬದುಕಿ ಬಂದರು. ಇನ್ನಷ್ಟು ಹೆಣ್ಣುಮಕ್ಕಳನ್ನು ಜೊತೆಗೂಡಿಸಿಕೊಂಡು ರಾಜ್ಯದ ಮೇಲೆಯೇ ದಾವೆ ಹೂಡಿದರು. 2024ರ ಮೇ 31ರಂದು ಟೆಕ್ಸಾಸ್ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಇಂಥದೇ ಕಠಿಣ ಕಾನೂನಿರುವ ಐಡಹೋ ರಾಜ್ಯದ ಸ್ಯಾಂಡ್‌ಪಾಯಿಂಟ್ ಎಂಬ ಊರಿನ ಆಸ್ಪತ್ರೆ 2023ರಲ್ಲಿ ಹೆರಿಗೆ ವಿಭಾಗವನ್ನೇ ಮುಚ್ಚಿತು. ಬಸಿರು ತೆಗೆಸಲು ಬಂದವರ ಮಾತು ಹಾಗಿರಲಿ, ಅಲ್ಲಿ ಹೆರಲು ಬಂದವರಿಗೂ ಜಾಗವಿಲ್ಲ.

ಇನ್ನು ನಿಮ್ಮ ತಮ್ಮನ ಮಾತು. ಅವರನ್ನು ಕೆಟ್ಟವರೆಂದು ನಾನು ಅನ್ನುವುದಿಲ್ಲ. ಹೊಟ್ಟೆಯಲ್ಲಿರುವುದು ಜೀವ ಎಂಬ ಭಾವನೆ ನಮ್ಮ ಮನೆಗಳಲ್ಲಿ ಆಳವಾಗಿ ಇದೆ, ಸೀಮಂತ ಮಾಡಿ ಉಡಿ ತುಂಬುವ ಜನ ನಾವು. ಅವರನ್ನು ಒಂದು ಮಾತು ಕೇಳಿ: ಸವಿತಾಗೆ ಮಗು ಬೇಡವಾಗಿತ್ತೇ? ಆಕೆಯನ್ನು ಕಾಯಿಸಿದ್ದರಿಂದ ಯಾವ ಜೀವ ಉಳಿಯಿತು?

ಇನ್ನೊಂದನ್ನೂ ಹೇಳಿ. ಕಾನೂನು ಬಿಡಲಿ ಬಿಡದಿರಲಿ, ಬೇಡದ ಬಸಿರು ಹೊತ್ತವಳು ದಾರಿ ಹುಡುಕಿಯೇ ಹುಡುಕುತ್ತಾಳೆ. ನಮ್ಮ ಅಜ್ಜಿಯ ಕಾಲದಲ್ಲಿ ಆ ದಾರಿ ಎಕ್ಕದ ಕಡ್ಡಿಯಾಗಿತ್ತು. ಅಜ್ಜಿಗೆ ಒಬ್ಬ ನಾದಿನಿ ಇದ್ದಳು, ಐದು ಮಕ್ಕಳ ಮೇಲೆ ಆರನೆಯದು ನಿಂತಿತ್ತು. “ಕಡ್ಡಿ ಹಾಕಿಸಿಕೊಂಡ್ಲು, ಮೂರನೇ ದಿನ ಮೈಯೆಲ್ಲ ಕಾದ ಹಂಚಿನಂಗಾತು” ಎಂದಷ್ಟೇ ಹೇಳಿ ಅಜ್ಜಿ ಮಾತು ನಿಲ್ಲಿಸುತ್ತಿದ್ದಳು. ಇಂಥ ಸಾವುಗಳನ್ನು ಕಂಡೇ ಸರಕಾರ 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ಮಾಡಿತು, 1971ರಲ್ಲಿ ಡಾಕ್ಟರ ಕೈಯಲ್ಲಿ ಬಸಿರು ತೆಗೆಸಲು ಅವಕಾಶ ಕೊಡುವ ಎಂ.ಟಿ.ಪಿ. ಕಾಯ್ದೆ ಬಂತು. ಅಮೆರಿಕದ ರೋ ತೀರ್ಪಿಗಿಂತ ಎರಡು ವರ್ಷ ಮೊದಲು.

ಹಾಗಾದರೆ ನಮ್ಮಲ್ಲಿ ಇದು ಗಟ್ಟಿಯೇ? ಅರ್ಧ ಗಟ್ಟಿ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ಡಾಕ್ಟರು ಒಪ್ಪಿದರೆ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸಿರಿನ ನಡುವೆ ಗಂಡನನ್ನು ಕಳೆದುಕೊಂಡವರು ಮುಂತಾದವರಿಗೆ ಇಬ್ಬರು ಡಾಕ್ಟರುಗಳ ಒಪ್ಪಿಗೆಯ ಮೇಲೆ 24 ವಾರದವರೆಗೆ ಅವಕಾಶವಿದೆ. 2022ರ ಸೆಪ್ಟೆಂಬರ್ 29ರಂದು ನಮ್ಮ ಸುಪ್ರೀಂ ಕೋರ್ಟು ಮದುವೆಯಾಗದವರಿಗೂ ಇದೇ ಹಕ್ಕು ಎಂದಿತು. ನಮ್ಮ ಕೊಡಗಿನ ನ್ಯಾಯಮೂರ್ತಿ ಬೋಪಣ್ಣ ಆ ಪೀಠದಲ್ಲಿದ್ದರು. ಡಾಬ್ಸ್ ತೀರ್ಪು ಬಂದು ಮೂರು ತಿಂಗಳಷ್ಟೇ ಆಗಿತ್ತು, ಆ ದಿನ ನನಗೆ ಉಸಿರಾಡಿದ ಹಾಗಾಯಿತು.

ಆದರೆ ಬ್ರಿಟಿಷರು 1860ರಲ್ಲಿ ಬರೆದ ಭಾರತೀಯ ದಂಡ ಸಂಹಿತೆಯ 312ನೇ ಕಲಮು ಸತ್ತಿಲ್ಲ. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 88ನೇ ಕಲಮಾಗಿ ಕೂತಿದೆ. ಬಸಿರು ತೆಗೆಯುವುದು ಇಂದಿಗೂ ಅಪರಾಧವೇ, ಎಂ.ಟಿ.ಪಿ. ಕಾಯ್ದೆ ಅದಕ್ಕೊಂದು ವಿನಾಯಿತಿ. ನಿರ್ಧಾರದ ಪೆನ್ನು ಇರುವುದು ಡಾಕ್ಟರ ಕೈಯಲ್ಲಿ, ಹೆಣ್ಣಿನ ಕೈಯಲ್ಲಲ್ಲ.

ಆ ಪೆನ್ನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಓಣಿಯ ಒಬ್ಬ ಹೆಣ್ಣುಮಗಳ ಜೊತೆ ತಾಲ್ಲೂಕಿನ ಒಂದು ಆಸ್ಪತ್ರೆಗೆ ಹೋಗಿದ್ದೆ. ಎರಡು ಮಕ್ಕಳು, ಒಂಬತ್ತು ವಾರ, ಗಂಡ ಗೋವಾದಲ್ಲಿ ಕೆಲಸಕ್ಕೆ. ಕೌಂಟರಿನಾಕೆ ಕಾಗದ ತಿರುಗಿಸಿ, “ಯಜಮಾನರ ಸಹಿ ಎಲ್ಲಿ?” ಎಂದಳು. ಕಾನೂನು ಕೇಳುವುದು ‘ಫಾರ್ಮ್ ಸಿ’ ಎಂಬ ಒಪ್ಪಿಗೆಪತ್ರ ಒಂದೇ, ಅದರಲ್ಲಿ ಹದಿನೆಂಟು ದಾಟಿದವಳ ಸಹಿ ಬಿಟ್ಟು ಇನ್ಯಾರದೂ ಬೇಕಿಲ್ಲ. ನಾನು ಹಾಗೆಂದಾಗ, “ಹೆಣ್ಣುಭ್ರೂಣದ ಕೇಸ್ ಆದರೆ ನೀವು ಬರ್ತೀರಾ ಸ್ಟೇಷನ್ನಿಗೆ?” ಎಂದಳು. ಒಂಬತ್ತು ವಾರಕ್ಕೆ ಸ್ಕ್ಯಾನಿಂಗಿನಲ್ಲಿ ಹೆಣ್ಣು ಗಂಡು ತಿಳಿಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ನಮ್ಮನ್ನು ಮೂರು ಸಲ ಓಡಾಡಿಸಿದರು. ಅಷ್ಟರಲ್ಲಿ ಹನ್ನೊಂದು ವಾರವಾಗಿತ್ತು.

ಅವಳ ಹೆದರಿಕೆಗೂ ಬುಡ ಇಲ್ಲದೆ ಇಲ್ಲ. 2023ರಲ್ಲಿ ಮಂಡ್ಯದ ಬಳಿ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಆ ಪಾಪಿಗಳಿಗೆ ಶಿಕ್ಷೆ ಆಗಲೇಬೇಕು. ಆದರೆ ಅದರ ಹೆಸರು ಹೇಳಿ ಎಲ್ಲ ಬಸುರಿಯರನ್ನೂ ಕಳ್ಳರಂತೆ ನೋಡಿದರೆ, ಬಡವರು ಮತ್ತೆ ಮೆಡಿಕಲ್ ಶಾಪಿನ ಹಿಂಬಾಗಿಲಿಗೆ ಹೋಗುತ್ತಾರೆ. ನಮ್ಮಲ್ಲಿ ಹಕ್ಕು ಒಂದೇ ದಿನ ಕೋರ್ಟಿನಲ್ಲಿ ಹೋಗಲಿಕ್ಕಿಲ್ಲ. ಹೀಗೆ ಕೌಂಟರಿನಲ್ಲಿ, ಒಂದೊಂದೇ ವಾರವಾಗಿ ಸವೆಯುತ್ತದೆ. ಸಿಟ್ಟು ಯಾರ ಮೇಲೆ ತೀರಿಸಲಿ ಎಂದಿರಲ್ಲ, ಅದಕ್ಕೆ ಹುಬ್ಬಳ್ಳಿಯಲ್ಲೇ ಕೆಲಸ ಇದೆ. ಆಸ್ಪತ್ರೆಗೆ ಜೊತೆಗೆ ಬರುತ್ತೀರಾ ಎಂದು ಯಾರಾದರೂ ಕೇಳಿದರೆ, ಹೋಗಿ.

ಈಗ ಮಗಳ ವಿಷಯ. ಗಾಬರಿಯಿಂದ ಕರೆಸಿಕೊಳ್ಳಬೇಡಿ. ಈ ತಿಂಗಳಲ್ಲಿ ಅಷ್ಟು ದೂರದ ಪ್ರಯಾಣ ಮಾಡಬಹುದೇ ಎಂಬುದನ್ನು ಅವಳ ಡಾಕ್ಟರೇ ಹೇಳಲಿ. ಬಸಿರು ಗರ್ಭನಾಳದಲ್ಲಿ ನಿಂತರೆ, ಅಥವಾ ಮಗು ಹೊಟ್ಟೆಯಲ್ಲೇ ತೀರಿಕೊಂಡರೆ, ಅದಕ್ಕೆ ಮಾಡುವ ಚಿಕಿತ್ಸೆ ಟೆಕ್ಸಾಸಿನಲ್ಲೂ ಗರ್ಭಪಾತವೆಂದು ಲೆಕ್ಕವಿಲ್ಲ. ಅಪಾಯ ತಲೆಯ ಮೇಲೆ ಬರುವ ತನಕ ಡಾಕ್ಟರು ಕಾಯಬೇಕಿಲ್ಲ ಎಂದು 2025ರಲ್ಲಿ ಕಾನೂನನ್ನು ಒಂದಿಷ್ಟು ಬಿಡಿಸಿಯೂ ಬರೆದಿದ್ದಾರೆ. ಹೆಣ್ಣುಮಕ್ಕಳ ಸಿಟ್ಟಿಲ್ಲದೆ ಅದು ಆಗುತ್ತಿರಲಿಲ್ಲ. ಆದರೂ ಕೇಳಿಡುವುದು ಒಳ್ಳೆಯದು. ‘20 ವಾರಕ್ಕೆ ಮೊದಲು ನೀರೊಡೆದರೆ ಈ ಆಸ್ಪತ್ರೆಯಲ್ಲಿ ಏನು ಮಾಡುತ್ತೀರಿ? ನಿರ್ಧಾರ ನಿಮ್ಮದೋ, ಆಸ್ಪತ್ರೆಯ ವಕೀಲರದ್ದೋ?’ ಎಂದು ಮುಂದಿನ ಭೇಟಿಯಲ್ಲಿ ನೇರವಾಗಿ ಕೇಳಲಿ. ಡಾಕ್ಟರು ತಡವರಿಸಿದರೆ ಈಗಲೇ ಬೇರೆಯವರನ್ನು ನೋಡಲಿ. ಟೆಕ್ಸಾಸಿಗೆ ತಾಗಿರುವ ರಾಜ್ಯಗಳಲ್ಲಿ ನಿಷೇಧವಿಲ್ಲದ್ದು ನ್ಯೂ ಮೆಕ್ಸಿಕೊ ಒಂದೇ, ಡಲ್ಲಾಸಿನಿಂದ ಕಾರಿನಲ್ಲಿ ಒಂದು ಹಗಲಿನ ದಾರಿ. ಅಳಿಯನಿಗೆ ಆ ದಾರಿ ಗೊತ್ತಿರಲಿ.

ಚಳಿಜ್ವರ, ಕೆಟ್ಟ ವಾಸನೆಯ ಸ್ರಾವ, ನೀರು ಒಸರುವುದು, ನಿಲ್ಲದ ರಕ್ತ: ಇವುಗಳಲ್ಲಿ ಯಾವುದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ ಎಮರ್ಜೆನ್ಸಿಗೆ ಹೋಗಬೇಕು. “ಮನೆಗೆ ಹೋಗಿ, ನಾಳೆ ನೋಡೋಣ” ಎಂದರೆ ಏಳಬಾರದು, ಅದನ್ನು ಬರೆದು ಕೊಡಿ ಎನ್ನಬೇಕು.

ಬಾಣಂತನಕ್ಕೆ ಎಂಟನೇ ತಿಂಗಳಿಗೆ ಹೋಗುವುದೆಂದು ಟಿಕೆಟ್ ಮಾಡಿಸಿದ್ದೀರಂತೆ. ಆಗುವುದಾದರೆ ಇನ್ನೂ ಬೇಗ ಹೊರಡಿ, ಐದನೇ ತಿಂಗಳಿಗೇ ಹೋಗಿ. ಅಂಟಿನುಂಡೆ ಅಲ್ಲೇ ಕಟ್ಟಿದರಾಯಿತು. ಹೋದಮೇಲೆ ಒಂದು ಸಾಲು ಬರೆಯಿರಿ, ನಾನೂ ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕಿ