ಪಾಸ್ಟೆಲ್‌ನಲ್ಲಿ ಹಸಿರು ರಾಡಿಯಾಗುವ ಬಗ್ಗೆ

ಜಲವರ್ಣ ಬಿಟ್ಟು ಸಾಫ್ಟ್ ಪಾಸ್ಟೆಲ್ ಹಿಡಿದಿದ್ದೀರಿ, ಎರಡು ಮೂರು ಪದರ ಆಗುವಷ್ಟರಲ್ಲಿ ಮರಗಳ ಹಸಿರು ರಾಡಿಯಾಗುತ್ತದೆ, ಪೇಪರ್ ಮತ್ತೆ ಬಣ್ಣ ಹಿಡಿಯುವುದಿಲ್ಲ ಅಂತ ಕೇಳಿದ್ದೀರಿ. ನನಗೆ ಮೊದಲು ಅನುಮಾನ ಬರುವುದು ಪೇಪರಿನ ಮೇಲೆ. ಪಾಸ್ಟೆಲ್ ಕಡ್ಡಿ ಅಂದರೆ ಬಹುಪಾಲು ಬಣ್ಣದ ಪುಡಿ, ಅಂಟು ತೀರಾ ಕಡಿಮೆ. ಪೇಪರಿನ ತರಿಯೇ, ಅಂದರೆ ಮೇಲ್ಮೈಯ ಒರಟುತನವೇ, ಆ ಪುಡಿಯನ್ನು ಹಿಡಿದಿಟ್ಟುಕೊಳ್ಳಬೇಕು. ತರಿ ತುಂಬಿಹೋದರೆ ಮೇಲಿನ ಬಣ್ಣ ಜಾರಿ ಕೆಳಗಿನದರ ಜೊತೆ ಕಲಸಿಕೊಳ್ಳುತ್ತದೆ. ಉಜ್ಜುಕಾಗದದ ಹಾಗೆ ಒರಟಾಗಿರುವ ಪಾಸ್ಟೆಲ್ ಪೇಪರ್ ಸಿಗುತ್ತದೆ, ಒಮ್ಮೆ ಅದರ ಮೇಲೆ ಮಾಡಿ ನೋಡಿ.

ಬೆರಳಿಂದ ಉಜ್ಜುವುದನ್ನು ಆಕಾಶಕ್ಕೆ, ದೂರದ ಬೆಟ್ಟಕ್ಕೆ ಮಾತ್ರ ಇಟ್ಟುಕೊಳ್ಳಿ. ಮರಕ್ಕೆ ಬೇಡವೇ ಬೇಡ. ಜಲವರ್ಣದಲ್ಲಿ ತಿಳಿಬಣ್ಣದಿಂದ ಕಡುಬಣ್ಣಕ್ಕೆ ಹೋಗುತ್ತೀರಿ, ಇಲ್ಲಿ ಉಲ್ಟಾ. ಮೊದಲು ಗಟ್ಟಿ ಕಡ್ಡಿಯಲ್ಲಿ ಕಡುನೀಲಿ ಅಥವಾ ನೇರಳೆ. ಕಡ್ಡಿಯನ್ನು ಅಡ್ಡ ಮಲಗಿಸಿ ಹಗುರವಾಗಿ ಎಳೆಯಿರಿ. ಅದರ ಮೇಲೆ ಹಸಿರು. ಬಿಸಿಲು ಬಿದ್ದ ಎಲೆಗಳು ಕೊನೆಗೆ, ಮೆತ್ತನೆಯ ಕಡ್ಡಿಯಲ್ಲಿ. ಒಂದು ಸಲ ಒತ್ತಿ ಕೈ ತೆಗೆದುಬಿಡಿ. ಸಂದಿಯಲ್ಲಿ ಇಣುಕುವ ಆ ನೇರಳೆಯಿಂದಲೇ ಹಸಿರಿಗೆ ಜೀವ ಬರುತ್ತದೆ. ಪಾಸ್ಟೆಲ್‌ನ ಸೊಗಸು ಇರೋದೇ ಅಲ್ಲಿ, ಅಲ್ವಾ?

ನಿಮ್ಮ ಜಲವರ್ಣದ ಕೈಯನ್ನೂ ಬಿಡಬೇಡಿ. ನೀರು ತಡೆಯುವ ಪೇಪರ್ ಆದರೆ ಮೊದಲ ಪದರವನ್ನು ಜಲವರ್ಣದಲ್ಲೇ ತೆಳ್ಳಗೆ ಹಾಕಿ ಒಣಗಿಸಿ. ತರಿ ಹಾಗೇ ಉಳಿಯುತ್ತದೆ.

ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ, ಫಿಕ್ಸೆಟಿವ್, ಬೇಕಾದರೆ ಪದರಗಳ ನಡುವೆ ಸ್ವಲ್ಪ ಸಿಂಪಡಿಸಿ. ಫ್ರೆಂಚ್ ಚಿತ್ರಕಾರ ಡೆಗಾ ಕೂಡ ಹಾಗೆ ಮಾಡುತ್ತಿದ್ದರು. ಕೊನೆಯಲ್ಲಿ ಜಾಸ್ತಿ ಹೊಡೆದರೆ ತಿಳಿಬಣ್ಣಗಳು ಮಂಕಾಗುತ್ತವೆ. ಪುಡಿಯನ್ನು ಬಾಯಿಂದ ಊದಬೇಡಿ, ಅದು ಶ್ವಾಸಕ್ಕೆ ಒಳ್ಳೆಯದಲ್ಲ. ಬೋರ್ಡನ್ನು ಮುಂದಕ್ಕೆ ಬಾಗಿಸಿ ಹಿಂದಿನಿಂದ ತಟ್ಟಿದರೆ ಸಾಕು.